ಶುದ್ಧಿ ಬೇಕು, ಭೇದಿ ಬೇಡ

ಆಯುರ್ವೇದದಲ್ಲಿ ಫಸ್ಟ್ ಕ್ಲಾಸ್ ಬರಬೇಕಾದರೆ 30 ಸಲ ಹೋಗಬೇಕು. ತಮಾಷೆಗೆ ಹೇಳುತ್ತಿಲ್ಲ. ಭೇದಿ ಮಾಡಿಸುವ ವಿರೇಚನದ ಶುದ್ಧಿಗೆ ಚರಕಸಂಹಿತೆ ಮೂರು ದರ್ಜೆ ಇಟ್ಟಿದೆ: 10 ಸಲ ಆದರೆ ಹೀನ, 20 ಆದರೆ ಮಧ್ಯಮ, 30 ಆದರೆ ಪ್ರವರ. ವಾಂತಿ ಮಾಡಿಸುವ ವಮನಕ್ಕೂ ಅಷ್ಟೇ ಕಟ್ಟುನಿಟ್ಟಿನ ಲೆಕ್ಕ: 4, 6, 8. ಸುಮ್ಮನೆ ಎಣಿಸಿದರೂ ಸಾಲದು. ಕೊನೆಗೆ ಬಂದದ್ದು ಏನು ಎಂದು ವೈದ್ಯ ಬಗ್ಗಿ ನೋಡಬೇಕು. ವಮನವಾದರೆ ಪಿತ್ತ ಕಾಣಿಸಿಕೊಂಡ ಮೇಲೆ ಮುಗಿಯಿತು, ವಿರೇಚನವಾದರೆ ಕಫ ಬಂದ ಮೇಲೆ ಮುಗಿಯಿತು.

ನಮ್ಮ ಋಷಿಗಳಿಗೆ ಸಂಕೋಚ ಇರಲಿಲ್ಲ. ದೇಹ ಎಂದರೆ ಏನೆಂದು ಚೆನ್ನಾಗಿ ಗೊತ್ತಿದ್ದವರಿಗೆ ಅದು ಇರುವುದೂ ಇಲ್ಲ. ಸಂಕೋಚ ಇರುವುದು ನಮಗೆ. ಅದಕ್ಕೇ ನಾವು ರೆಸಾರ್ಟ್ ಕಟ್ಟಿದೆವು.

ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಒಬ್ಬರು ಕಾರ್ಯದರ್ಶಿಗಳಿದ್ದಾರೆ. ವರ್ಷಕ್ಕೆರಡು ಬಾರಿ ಸಂಸಾರ ಸಮೇತ ಪಂಚಕರ್ಮಕ್ಕೆ ಹೋಗಿಬರುತ್ತಾರೆ. ಹೋಗುವ ಮೊದಲು ಗ್ರೂಪಿನಲ್ಲಿ ಬ್ರೋಷರ್ ಹಾಕುತ್ತಾರೆ, ಬಂದ ಮೇಲೆ ಫೋಟೋ ಹಾಕುತ್ತಾರೆ. ‘ದೇಹ ಮತ್ತು ಮನಸ್ಸಿನ ಋತುಶುದ್ಧಿ, ಮೂರು ರಾತ್ರಿ ನಾಲ್ಕು ಹಗಲು, ಪಿಕಪ್ ಮತ್ತು ಡ್ರಾಪ್ ಸೇರಿ.’ ಮುಖಪುಟದಲ್ಲಿ ಕಣ್ಣು ಮುಚ್ಚಿ ಮಲಗಿದ ಹೆಂಗಸು, ಅವಳ ಹಣೆಯ ಮೇಲೆ ಹಿತ್ತಾಳೆ ಪಾತ್ರೆಯಿಂದ ಇಳಿಯುವ ಎಣ್ಣೆಯ ಧಾರೆ, ಕಿವಿಯ ಪಕ್ಕದಲ್ಲಿ ಒಂದು ದೇವಕಣಗಿಲೆ ಹೂವು. ಪಂಚಕರ್ಮ ಎಂದರೆ ಈಗ ಇಡೀ ಜಗತ್ತಿಗೆ ಕಣ್ಣ ಮುಂದೆ ಬರುವುದು ಈ ಚಿತ್ರ.

ತೊಂದರೆ ಇಷ್ಟೇ: ಈ ಚಿತ್ರದಲ್ಲಿರುವ ಶಿರೋಧಾರೆ ಪಂಚಕರ್ಮದ ಐದರಲ್ಲಿ ಒಂದಲ್ಲ. ಐದು ಯಾವುವೆಂದರೆ ವಮನ, ವಿರೇಚನ, ಬಸ್ತಿ, ನಸ್ಯ. ಐದನೆಯದರಲ್ಲಿ ಮಾತ್ರ ಮತಭೇದ. ಚರಕ ಬಸ್ತಿಯನ್ನೇ ಎರಡಾಗಿ ಒಡೆದು ಲೆಕ್ಕ ತುಂಬಿಸುತ್ತಾನೆ, ಸುಶ್ರುತನ ದಾರಿಯವರು ರಕ್ತಮೋಕ್ಷಣ ಸೇರಿಸುತ್ತಾರೆ. ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕೆಂದರೆ ವಾಂತಿ, ಭೇದಿ, ಎನಿಮಾ, ಮೂಗಿಗೆ ಮದ್ದು, ರಕ್ತ ತೆಗೆಯುವುದು. ಇವುಗಳಲ್ಲಿ ಯಾವುದನ್ನು ಮುಖಪುಟಕ್ಕೆ ಹಾಕಿದರೂ ಹೂವು ಇಡುವ ಜಾಗ ಹುಡುಕುವುದು ಕಷ್ಟ. ಎಣ್ಣೆ ತಿಕ್ಕುವುದು, ಬೆವರಿಸುವುದು ಇವೆಲ್ಲ ಪೂರ್ವಕರ್ಮ, ಅಂದರೆ ತಯಾರಿ. ರೆಸಾರ್ಟಿನವರು ತಯಾರಿ ಮಾಡಿ, ಟವೆಲ್ ಸುತ್ತಿ, ಗಿಡಮೂಲಿಕೆ ಟೀ ಕುಡಿಸಿ ಮನೆಗೆ ಕಳಿಸುತ್ತಾರೆ. ನಾಂದಿ ಹಾಡಿದ ಕೂಡಲೇ ಮಂಗಳಾರತಿ ಎತ್ತಿದ ನಾಟಕದಂತೆ.

ಇದೇನಾದರೂ ನನ್ನ ತಪ್ಪು ತಿಳಿವಳಿಕೆಯೋ ಎಂದು ಅಂಥದೊಂದು ಜಾಗಕ್ಕೆ ಫೋನ್ ಮಾಡಿದೆ.

‘ನಿಮ್ಮಲ್ಲಿ ವಮನ ಇದೆಯೇನಮ್ಮ?’

‘ಸಾರ್, ಅದು ಗೆಸ್ಟ್‌ಗಳಿಗೆ ಸ್ವಲ್ಪ ಅನ್‌ಕಂಫರ್ಟಬಲ್ ಆಗುತ್ತೆ. ಅದರ ಬದಲು ಕಾಫಿ ಸ್ಕ್ರಬ್ ಕೊಡ್ತೀವಿ.’

‘ವಿರೇಚನ?’

‘ರೂಮ್ ಶೇರಿಂಗಾ ಸಾರ್? ಹಾಗಿದ್ರೆ ಬೇಡ.’

‘ಹೋಗಲಿ, ಬಸ್ತಿ?’

‘ಬಸ್ತಿ ಎರಡನೇ ದಿನ ಸಾರ್. ಬ್ರೇಕ್‌ಫಾಸ್ಟ್ ಆದ್ಮೇಲೆ ಕಾರಲ್ಲಿ ಕರ್ಕೊಂಡು ಹೋಗ್ತಾರೆ. ತುಂಬಾ ಹಳೇ ಜೈನ ಬಸ್ತಿ. ಎಂಟ್ರಿ ಟಿಕೆಟ್ ಮಾತ್ರ ನಿಮ್ದು.’

ಹಾಗಂತ ಶಾಸ್ತ್ರಪ್ರಕಾರದ ಪಂಚಕರ್ಮ ನಾಡಿನಿಂದ ಮಾಯವಾಗಿಲ್ಲ. ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಸ್ಪತ್ರೆಯಲ್ಲಿದೆ, ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿದೆ, ಉಡುಪಿ, ಹಾಸನದ ಕಾಲೇಜು ಆಸ್ಪತ್ರೆಗಳಲ್ಲಿದೆ. ಅಲ್ಲಿ ಸ್ನೇಹಪಾನ ಎಂದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಔಷಧಿ ಹಾಕಿದ ಕಹಿ ತುಪ್ಪ, ದಿನದಿಂದ ದಿನಕ್ಕೆ ಹೆಚ್ಚಿಸುತ್ತ, ಮೂರರಿಂದ ಏಳು ದಿನ. ಮೂರನೇ ದಿನಕ್ಕೆ ತುಪ್ಪದ ವಾಸನೆ ಬಂದರೆ ಸಾಕು, ಗೋಡೆಗೆ ಮುಖ ತಿರುಗಿಸುವಂತಾಗುತ್ತದೆ. ವಮನದ ದಿನ ಮುಂಜಾನೆ ಹಾಲನ್ನೋ ಜೇಷ್ಠಮಧುವಿನ ನೀರನ್ನೋ ಗಂಟಲ ಮಟ್ಟ ಕುಡಿಸಿ, ಮದನಫಲದ ಮದ್ದು ಕೊಟ್ಟು, ಬೆನ್ನು ನೀವುತ್ತ ಬಕೆಟ್ ಹಿಡಿದು ಒಬ್ಬರು ನಿಲ್ಲುತ್ತಾರೆ. ಪಕ್ಕದ ಮಂಚದವರು ನಿಮ್ಮ ಎಣಿಕೆಯನ್ನು ನಿಮಗಿಂತ ಸರಿಯಾಗಿ ನೆನಪಿಟ್ಟಿರುತ್ತಾರೆ. ಅಲ್ಲಿ ಈಜುಕೊಳ ಇಲ್ಲ. ಹೋಗಿಬಂದವರು ಗ್ರೂಪಿನಲ್ಲಿ ಫೋಟೋ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಅಲ್ಲಿ ಇನ್ನೊಂದು ವಿಚಿತ್ರ ಪದ್ಧತಿ ಇದೆ: ಬಂದವರನ್ನು ವಾಪಸು ಕಳಿಸುತ್ತಾರೆ. ಯಾರಿಗೆ ವಮನ ಕೂಡದು, ಯಾರಿಗೆ ವಿರೇಚನ ಕೂಡದು ಎಂದು ಚರಕಸಂಹಿತೆಯ ಸಿದ್ಧಿಸ್ಥಾನ ಉದ್ದನೆಯ ಪಟ್ಟಿ ಕೊಡುತ್ತದೆ. ಬಸುರಿಯರು, ಮಕ್ಕಳು, ಮುದುಕರು, ಸೊರಗಿದವರು, ಹೃದ್ರೋಗಿಗಳು, ಹೀಗೆ ಸಾಲು ಸಾಲು. ರೆಸಾರ್ಟಿನ ಅನರ್ಹರ ಪಟ್ಟಿಯಲ್ಲಿರುವುದು ಒಂದೇ ವರ್ಗ: ಅಡ್ವಾನ್ಸ್ ಕಟ್ಟದವರು. ಇನ್ನು ‘ಮನೆಯಲ್ಲೇ ಮಾಡಿಕೊಳ್ಳಿ’ ಎಂದು ಲೀಟರುಗಟ್ಟಲೆ ಉಪ್ಪುನೀರು ಕುಡಿಸುವ ರೀಲ್ಸ್ ಗುರುಗಳಿಗೆ ಆ ಪಟ್ಟಿಯೂ ಇಲ್ಲ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು ಅವರ ಮಾತು ಕೇಳಿದರೆ ದೋಷಗಳ ಜೊತೆಗೆ ಪ್ರಾಣವೂ ಹೊರಡಬಹುದು. ನಾಡಿ ನೋಡಿ, ಬಿಪಿ ನೋಡಿ, ‘ನಿಮಗೆ ಇದು ಬೇಡ, ಮನೆಗೆ ಹೋಗಿ’ ಎನ್ನುವ ವೈದ್ಯರು ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ.

ಅಲೋಪಥಿ ಡಾಕ್ಟರು ಈ ವಿಷಯ ಎತ್ತಿದರೆ ನಗುತ್ತಾರೆ. ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಲಿವರ್ ಹಗಲು ರಾತ್ರಿ ದುಡಿಯುತ್ತದೆ, ಎರಡೂ ಪಿಕಪ್ ಡ್ರಾಪ್ ಕೇಳುವುದಿಲ್ಲ ಎನ್ನುತ್ತಾರೆ. ನಾಲ್ಕು ದಿನದಲ್ಲಿ ಜನ್ಮಾಂತರದ ವಿಷ ತೆಗೆಯುತ್ತೇವೆ ಎನ್ನುವವರ ಮುಂದೆ ಆ ನಗು ನ್ಯಾಯವಾದದ್ದೇ. ಶಾಸ್ತ್ರ ಅಂಥ ಮಾತು ಕೊಟ್ಟಿರಲಿಲ್ಲ. ಅದು ಹೇಳಿದ್ದು ಋತುವಿನ ಲೆಕ್ಕ: ಹಿಮದ ಕಾಲದಲ್ಲಿ ಸೇರಿದ ಕಫ ವಸಂತದಲ್ಲಿ ಕೆರಳುತ್ತದೆ, ಬೇಸಿಗೆಯ ವಾತ ಮಳೆಗಾಲದಲ್ಲಿ, ಮಳೆಗಾಲದ ಪಿತ್ತ ಶರತ್ತಿನಲ್ಲಿ. ಆದ್ದರಿಂದ ಇನ್ನೊಬ್ಬ ಶಾಸ್ತ್ರಕಾರ ವಾಗ್ಭಟ ಮೂರು ತಿಂಗಳು ಗೊತ್ತುಮಾಡಿದ. ಚೈತ್ರದಲ್ಲಿ ಕಫ ತೆಗೆ, ಶ್ರಾವಣದಲ್ಲಿ ವಾತ, ಕಾರ್ತೀಕದಲ್ಲಿ ಪಿತ್ತ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ ಸಂಧಿಕಾಲ. ಹಳೆಯ ಅಭ್ಯಾಸವನ್ನು ಆಗ ಮೆಲ್ಲಗೆ ಬಿಡು, ಹೊಸದನ್ನು ಮೆಲ್ಲಗೆ ಹಿಡಿ ಎಂದ.

ರೆಸಾರ್ಟಿನ ಪಂಚಾಂಗ ಬೇರೆ. ಅಲ್ಲಿ ಇರುವುದು ಮೂರೇ ಋತು: ಪೀಕ್ ಸೀಸನ್, ಆಫ್ ಸೀಸನ್, ಲಾಂಗ್ ವೀಕೆಂಡ್. ಸೋಮವಾರ ಸರ್ಕಾರಿ ರಜೆ ಬಂತೆಂದರೆ ಶುಕ್ರವಾರ ಸಂಜೆಯಿಂದಲೇ ಬೆಂಗಳೂರಿನ ಸಮಸ್ತ ವಾತ, ಪಿತ್ತ, ಕಫಗಳು ಒಟ್ಟಿಗೆ ಕೆರಳಿ ನೈಸ್ ರಸ್ತೆಯ ಟೋಲ್‌ನಲ್ಲಿ ಸಾಲುಗಟ್ಟುತ್ತವೆ. ಎಲ್ಲಕ್ಕಿಂತ ಜೋರಿನ ವ್ಯಾಪಾರ ಹೊಸ ವರ್ಷದ ಡಿಟಾಕ್ಸಿನದು. ಡಿಸೆಂಬರ್ ಕೊನೆ, ಜನವರಿ ಮೊದಲು. ಹೆಸರುಬೇಳೆ ಕಟ್ಟು ಕುಡಿಸಿ, ಸೋರೆಕಾಯಿ ರಸ ಕುಡಿಸಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸುತ್ತಾರೆ. ಅದು ಹೇಮಂತ. ಚರಕ, ವಾಗ್ಭಟ ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಾರೆ: ಹೇಮಂತದಲ್ಲಿ ಜಠರಾಗ್ನಿ ಪ್ರಬಲ, ಅದಕ್ಕೆ ತಕ್ಕಷ್ಟು ಸೌದೆ ಒಟ್ಟದಿದ್ದರೆ ಅದು ದೇಹವನ್ನೇ ಸುಡುತ್ತದೆ, ಆದ್ದರಿಂದ ಚೆನ್ನಾಗಿ ತಿನ್ನು. ಜಿಡ್ಡು ತಿನ್ನು, ಸಿಹಿ ತಿನ್ನು, ಗಟ್ಟಿಯಾದದ್ದು ತಿನ್ನು. ಮಾಂಸವನ್ನೂ ಹೇಳಿದ್ದಾರೆ, ಜೊತೆಗೆ ಮದ್ಯವನ್ನೂ ಹೇಳಿದ್ದಾರೆ. ವರ್ಷದಲ್ಲಿ ಶಾಸ್ತ್ರವೇ ಕೈಹಿಡಿದು ಊಟಕ್ಕೆ ಕೂರಿಸುವ ಒಂದು ಋತು ಇದ್ದರೆ ಅದು ಇದು. ಆ ಋತುವಿನಲ್ಲೇ ನಾವು ದುಡ್ಡು ಕೊಟ್ಟು ಉಪವಾಸ ಬೀಳುತ್ತೇವೆ. ಮಾಂಸ, ಮದ್ಯದ ಸಾಲುಗಳನ್ನು ಬ್ರೋಷರ್ ಬರೆಯುವವರು ಓದಿಲ್ಲ, ಓದಿದವರು ಬರೆದಿಲ್ಲ. ಸಾತ್ವಿಕ ಆಹಾರದ ಭಾಷಣಕ್ಕೆ ಚರಕನ ಹೆಸರು ಬೇಕು, ಚರಕನ ಅಡುಗೆಮನೆ ಬೇಡ.

ಶೋಧನೆ ಆದ ಮೇಲೂ ಒಂದು ಶಿಸ್ತು ಇದೆ. ಸಂಸರ್ಜನ ಕ್ರಮ ಎನ್ನುತ್ತಾರೆ. ಪ್ರವರ ಶುದ್ಧಿ ಆದವನಿಗೆ 12 ಊಟಗಳ ಮೆಟ್ಟಿಲು: ಮೊದಲು ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಒಗ್ಗರಣೆ ಇಲ್ಲದ ಬೇಳೆಕಟ್ಟು, ಆಮೇಲೆ ಒಗ್ಗರಣೆ ಹಾಕಿದ್ದು, ಕೊನೆಗೆ ಮಾಂಸದ ರಸ. ಏಳು ದಿನ ಹೀಗೆ ಹತ್ತಿದ ಮೇಲೆ ಮಾಮೂಲು ಊಟ. ನಮ್ಮ ಕಾರ್ಯದರ್ಶಿಗಳ ಸಂಸರ್ಜನ ಕ್ರಮಕ್ಕೆ ಮೆಟ್ಟಿಲುಗಳೇ ಇಲ್ಲ, ಲಿಫ್ಟ್ ಇದೆ. ಚೆಕ್‌ಔಟ್ 11 ಗಂಟೆಗೆ. ಮದ್ದೂರು ದಾಟುವಷ್ಟರಲ್ಲಿ ಎರಡು ವಡೆ, ಬಿಡದಿಯಲ್ಲಿ ತಟ್ಟೆ ಇಡ್ಲಿ, ಇಡ್ಲಿಯ ಮೇಲೆ ಬೆಣ್ಣೆ. ‘ಒಳಗೆಲ್ಲ ಕ್ಲೀನ್ ಆಗಿದೆಯಲ್ರೀ, ಈಗ ಏನು ತಿಂದ್ರೂ ನಡೆಯುತ್ತೆ’ ಎನ್ನುವುದು ಅವರ ಸಿದ್ಧಾಂತ. ವರ್ಷಕ್ಕೆರಡು ಶುದ್ಧಿ ಯಾಕೆ ಬೇಕಾಗುತ್ತದೆ ಎಂಬುದಕ್ಕೂ ಅದೇ ಉತ್ತರ.

ಇಲ್ಲಿಯವರೆಗೆ ದೇಹದ ಮಾತಾಯಿತು. ಪ್ಯಾಕೇಜಿನಲ್ಲಿ ಮನಸ್ಸೂ ಇದೆಯಲ್ಲ. ಮನಸ್ಸಿಗೆ ಅಲ್ಲಿ ಟಿಬೆಟ್ಟಿನ ಬಟ್ಟಲು ಬಾರಿಸುತ್ತಾರೆ. ಫೋನನ್ನು ಲಾಕರಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೀಗ ಹಾಕುವ ಮುನ್ನ ಆ ಲಾಕರಿನ ಫೋಟೋ ತೆಗೆದು ಹಾಕಲು ಐದು ನಿಮಿಷ ಬಿಡುತ್ತಾರೆ. ಚರಕನಿಗೆ ಬಟ್ಟಲು ಹೊಳೆಯಲಿಲ್ಲ. ಮನಸ್ಸಿನ ದೋಷಗಳು ಎರಡು, ರಜಸ್ಸು ಮತ್ತು ತಮಸ್ಸು ಎಂದು ಹೇಳಿ, ಅದಕ್ಕೆ ಮದ್ದು ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ ಎಂದು ಬರೆದ. ಇವುಗಳಲ್ಲಿ ಯಾವುದಕ್ಕೂ ಹೋಂ ಡೆಲಿವರಿ ಇಲ್ಲ.

ಇದಕ್ಕಿಂತ ಚುರುಕಾದ ಮಾತು ಚರಕಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯದಲ್ಲಿದೆ. ಅಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದು ತಡೆಯಬಾರದ 13 ವೇಗಗಳು: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದುಡಿದಾಗಿನ ಏದುಸಿರು. ಇವನ್ನು ತಡೆದರೆ ರೋಗ. ಎರಡನೆಯದು ತಡೆಯಲೇಬೇಕಾದವು. ಮನಸ್ಸಿನ ಮಟ್ಟಿಗೆ ಅಲ್ಲಿ ಬರುವವು ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜತನ, ಈರ್ಷ್ಯೆ, ಅತಿಯಾದ ಮೋಹ, ಇನ್ನೊಬ್ಬರದಕ್ಕೆ ಆಸೆಪಡುವುದು. ಇವನ್ನು ಬಿಟ್ಟರೆ ಕೇಡು.

ಈಗ ಒಬ್ಬ ಮಾಮೂಲಿ ಬೆಂಗಳೂರಿಗನ ದಿನಚರಿ ನೋಡಿ. ಬೆಳಿಗ್ಗೆ ಕ್ಯಾಬ್ ಬಂತೆಂದು ಮಲ ತಡೆಯುತ್ತಾನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೂತ್ರ ತಡೆಯುತ್ತಾನೆ. ಮೀಟಿಂಗಿನಲ್ಲಿ ಆಕಳಿಕೆ ತಡೆಯುತ್ತಾನೆ, ಲಿಫ್ಟಿನಲ್ಲಿ ಅಪಾನವಾಯು ತಡೆಯುತ್ತಾನೆ, ಡೆಡ್‌ಲೈನ್ ಇದ್ದರೆ ಹಸಿವು, ರಿಲೀಸ್ ಇದ್ದರೆ ನಿದ್ದೆ, ಅಪ್ರೈಸಲ್ ಆದ ಮೇಲೆ ಕಣ್ಣೀರು. ಮೊದಲ ಪಟ್ಟಿಯನ್ನು ಅಡಿಯಿಂದ ಮುಡಿಯವರೆಗೆ ತಡೆದು ಮನೆಗೆ ಬಂದವನು ಎರಡನೇ ಪಟ್ಟಿಯನ್ನು ಧಾರಾಳವಾಗಿ ಬಿಡುತ್ತಾನೆ. ಹಾರನ್ ಮೇಲೆ ಕೈಯಿಟ್ಟು ಕ್ರೋಧ, ಸೈಟಿನ ಆ್ಯಪ್ ತೆರೆದು ಲೋಭ, ಸಹಪಾಠಿಯ ವಿದೇಶದ ಫೋಟೋ ನೋಡಿ ಈರ್ಷ್ಯೆ, ಸ್ಟೇಟಸ್ ಹಾಕಿ ಅಹಂಕಾರ. ಬಿಡಬೇಕಾದ್ದನ್ನು ಹಿಡಿದು, ಹಿಡಿಯಬೇಕಾದ್ದನ್ನು ಬಿಟ್ಟ ಈ ಮನುಷ್ಯನನ್ನು ಮಲಗಿಸಿ ಹಣೆಗೆ ಎಣ್ಣೆ ಬಿಟ್ಟರೆ ಹಣೆ ಜಿಡ್ಡಾಗುತ್ತದೆ. ಅದೇ ಸಂಹಿತೆಯಲ್ಲಿ ಆಚಾರ ರಸಾಯನ ಎಂಬ ಭಾಗವೂ ಇದೆ: ನಿಜ ಹೇಳುವವನು, ಸಿಟ್ಟು ಮಾಡದವನು, ಕುಡಿತದಿಂದ ದೂರ ಇರುವವನು, ಹಿಂಸೆ ಮಾಡದವನು, ಸವಿಯಾಗಿ ಮಾತಾಡುವವನು ನಿತ್ಯವೂ ರಸಾಯನ ಸೇವಿಸಿದವನಂತೆಯೇ ಎನ್ನುತ್ತದೆ. ಖರ್ಚಿಲ್ಲದ ಮದ್ದು. ಆದ್ದರಿಂದಲೇ ಜಾಹೀರಾತಿಲ್ಲ.

ಜಾಹೀರಾತಿನವರನ್ನೂ ಚರಕ ಬಿಟ್ಟಿಲ್ಲ. ಸೂತ್ರಸ್ಥಾನದ 29ನೇ ಅಧ್ಯಾಯದಲ್ಲಿ ವೈದ್ಯರ ವೇಷದ ವಂಚಕರ ಲಕ್ಷಣ ಬರೆದಿದ್ದಾನೆ. ಇವರು ಭಾರೀ ವೇಷ ತೊಟ್ಟು ಬೀದಿ ಬೀದಿ ಅಲೆಯುತ್ತಾರೆ. ಯಾರಿಗೋ ಕಾಯಿಲೆ ಎಂದು ಕಿವಿಗೆ ಬಿದ್ದರೆ ಅಲ್ಲಿಗೆ ಓಡಿಬರುತ್ತಾರೆ, ಕೇಳುವಂತೆ ಗಟ್ಟಿಯಾಗಿ ತಮ್ಮ ಗುಣಗಾನ ಮಾಡಿಕೊಳ್ಳುತ್ತಾರೆ, ಈಗಾಗಲೇ ಮದ್ದು ಕೊಡುತ್ತಿರುವ ವೈದ್ಯನ ತಪ್ಪುಗಳನ್ನು ಎತ್ತಿ ಆಡುತ್ತಾರೆ. ಕಾಯಿಲೆ ಕೆಟ್ಟಿತೋ, ರೋಗಿಯ ಮೇಲೇ ತಪ್ಪು ಹೊರಿಸುತ್ತಾರೆ. ಬದಲಾದದ್ದು ಒಂದೇ. ಆಗ ಬೀದಿ ಅಲೆಯಬೇಕಿತ್ತು, ಈಗ ಬೀದಿಯೇ ನಮ್ಮ ಅಂಗೈಗೆ ಬಂದು ‘ಈ ವಿಡಿಯೋ ಸೇವ್ ಮಾಡಿಕೊಳ್ಳಿ, ಡಾಕ್ಟರ್‌ಗಳು ನಿಮಗೆ ಇದನ್ನು ಹೇಳುವುದಿಲ್ಲ’ ಎನ್ನುತ್ತದೆ.

ಮನೆಗಳಲ್ಲಿ ಋತುಶುದ್ಧಿ ಹೀಗಿರಲಿಲ್ಲ ಎಂಬುದನ್ನು ಹಳಬರ ಹೊಟ್ಟೆ ಇನ್ನೂ ಮರೆತಿಲ್ಲ. ರಜೆಯ ದಿನ ನೋಡಿ ಅಜ್ಜಿಯರು ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಹೊಯ್ಯುತ್ತಿದ್ದರು. ಆ ದಿನ ಮೆಣಸಿನ ಸಾರು, ಮೆತ್ತನೆಯ ಅನ್ನ, ಬೇರೆ ಮಾತಿಲ್ಲ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ ಅರೆದು, ಕಾಯಿಸಿದ ಬೆಣಚುಕಲ್ಲು ಅದ್ದಿ ಕಷಾಯ ಮಾಡಿ ಮನೆಮಂದಿಗೆಲ್ಲ ಕುಡಿಸುತ್ತಾರೆ. ಆಮೇಲೆ ಮೆಂತೆ ಗಂಜಿ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪಿನ ಪಾಯಸ. ಅದು ಕೆಲಸ ಮಾಡಿತೋ ಇಲ್ಲವೋ ಎಂಬುದಕ್ಕೆ ಮೂತ್ರವೇ ಕೆಂಪಾಗಿ ಸಾಕ್ಷಿ ಹೇಳುತ್ತದೆ. ಇವೆಲ್ಲ ನಿಜವಾಗಿ ಎಷ್ಟು ರೋಗ ತಡೆದವೋ ಬಿಡಿ, ಒಂದು ಗುಣವಂತೂ ಇತ್ತು: ಕಹಿ ಕುಡಿಯಬೇಕಾದವನೇ ಕುಡಿಯಬೇಕಿತ್ತು, ಮರದ ಗುರುತು ಗೊತ್ತಿದ್ದವನೇ ತೊಗಟೆ ತರಬೇಕಿತ್ತು. ಹಾಲೆ ಎಂದುಕೊಂಡು ಕಾಸರಕದ ತೊಗಟೆ ತಂದರೆ ಅದು ನೇರ ವಿಷ. ಈಗ ಮರ ಗೊತ್ತಿಲ್ಲದವರಿಗಾಗಿ ಕಷಾಯ ಬಾಟಲಿಯಲ್ಲಿ ಬರುತ್ತದೆ. ನಮ್ಮ ಕಾರ್ಯದರ್ಶಿಗಳ ಶ್ರೀಮತಿಯವರು ಅದರಲ್ಲಿ ಶುಗರ್ ಫ್ರೀ ಇದೆಯಾ ಎಂದು ವಿಚಾರಿಸುತ್ತಿದ್ದರು.

ಇಷ್ಟೆಲ್ಲ ಮಾಡಿ ದೇಹದಿಂದ ಹೊರಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದೆ. ಕಾಗದದ ಮೇಲೆ ಹಗಲು ರಾತ್ರಿ ಓಡುತ್ತದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆಂದು ಕಾರ್ಯದರ್ಶಿಗಳು ಅದನ್ನು ಅಧಿಕಾರಿಗಳು ಬರುವ ದಿನ ಮಾತ್ರ ಚಾಲೂ ಮಾಡಿಸುತ್ತಾರೆ. ಉಳಿದ ದಿನ ಎಲ್ಲವೂ ಕತ್ತಲಾದ ಮೇಲೆ ರಾಜಕಾಲುವೆಗೆ. ಅಲ್ಲಿಂದ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ನಾವು ತಡೆದ ಶೋಧನೆಯನ್ನು ಊರು ತಾನೇ ಮಾಡಿಕೊಳ್ಳುತ್ತಿದೆ. 2015ರಿಂದ ಬೆಳ್ಳಂದೂರು ರಸ್ತೆಗೇ ನೊರೆ ಕಾರಿದೆ, ವಮನ. 2017ರಲ್ಲಿ, ಮತ್ತೆ 2018ರಲ್ಲಿ ಕೆರೆಗೇ ಬೆಂಕಿ ಬಿತ್ತು, ಪಿತ್ತ ಪ್ರಕೋಪ. 2022ರ ಸೆಪ್ಟೆಂಬರ್ ಮಳೆಗೆ ರಾಜಕಾಲುವೆ ತಾನು ಕಳಕೊಂಡ ಜಾಗವನ್ನು ಹುಡುಕಿಕೊಂಡು ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ನಡುಮನೆಗೆ ಬಂತು, ಬಸ್ತಿ. ಆ ಮನೆಗಳ ಒಡೆಯರು ಟ್ರ್ಯಾಕ್ಟರ್ ಏರಿ ಹೊರಬಂದರು.

ಚರಕ ಇದನ್ನೂ ಬರೆದಿದ್ದಾನೆ. ವಿಮಾನಸ್ಥಾನದ ಮೂರನೇ ಅಧ್ಯಾಯ. ಬೇಸಿಗೆಯ ಕೊನೆಯಲ್ಲಿ, ಕಾಂಪಿಲ್ಯದ ಬಳಿ ಗಂಗೆಯ ದಡದಲ್ಲಿ ನಡೆಯುತ್ತ ಆತ್ರೇಯರು ಶಿಷ್ಯ ಅಗ್ನಿವೇಶನಿಗೆ ಹೇಳುತ್ತಾರೆ: ಬೇರೆ ಬೇರೆ ಪ್ರಕೃತಿಯ ಜನರೂ ಒಮ್ಮೆಗೇ ಒಂದೇ ರೋಗಕ್ಕೆ ಬೀಳುವುದುಂಟು, ಯಾಕೆಂದರೆ ಗಾಳಿ, ನೀರು, ನೆಲ, ಕಾಲ ಇವು ನಾಲ್ಕೂ ಎಲ್ಲರಿಗೂ ಸೇರಿದವು, ಅವು ಕೆಟ್ಟರೆ ಜನಪದವೇ ಕೆಡುತ್ತದೆ. ಯಾಕೆ ಕೆಡುತ್ತವೆ ಎಂದರೆ ಅಧರ್ಮದಿಂದ, ಅದರ ಬೇರು ಪ್ರಜ್ಞಾಪರಾಧ, ಅಂದರೆ ತಿಳಿದೂ ತಪ್ಪು ಮಾಡುವುದು. ಶುರು ಮಾಡುವವರು ದೇಶದ, ನಗರದ ಮುಖ್ಯಸ್ಥರು. ಅದನ್ನು ಬೆಳೆಸುವವರು ಅವರ ಆಶ್ರಿತರು, ಆಶ್ರಿತರ ಆಶ್ರಿತರು, ಊರಿನ ಪ್ರಜೆಗಳು, ವ್ಯವಹಾರದಿಂದ ಬದುಕುವವರು. ಎರಡು ಸಾವಿರ ವರ್ಷದ ಹಿಂದಿನ ಈ ಪಟ್ಟಿಯಲ್ಲಿ ಮಂತ್ರಿ ಇದ್ದಾನೆ, ಅಧಿಕಾರಿ ಇದ್ದಾನೆ, ಗುತ್ತಿಗೆದಾರ ಇದ್ದಾನೆ, ಬಿಲ್ಡರ್ ಇದ್ದಾನೆ. ಕಣ್ಣು ಚುರುಕಿದ್ದರೆ ಸಂಘದ ಕಾರ್ಯದರ್ಶಿಗಳೂ ಕಾಣುತ್ತಾರೆ, ಅವರ ಹಿಂದೆ ಸಾಲಿನಲ್ಲಿ ತಿಂಗಳ ಮೆಂಟೆನೆನ್ಸ್ ಕಮ್ಮಿ ಆಯಿತೆಂದು ಖುಷಿಪಟ್ಟ ನಾವೂ ಕಾಣುತ್ತೇವೆ.

ಆದ್ದರಿಂದ ಮುಂದಿನ ಋತುಸಂಧಿಗೆ ನನ್ನದೊಂದು ಪ್ಯಾಕೇಜ್. ಸಂಘದ ಸಭೆಯಲ್ಲಿ ಕೊಳಚೆ ಘಟಕವನ್ನು ದಿನಾ ಓಡಿಸಬೇಕೆಂದು ನಿರ್ಣಯ ಮಂಡಿಸಿ. ಬಿಲ್ಲಿನ ಮೊತ್ತ ಕೇಳಿದಾಗ ಸಭೆಯಲ್ಲಿ ಏಳುವ ವೇಗ ಇದೆಯಲ್ಲ, ಲೋಭ, ತಡೆಯಬೇಕಾದವುಗಳಲ್ಲಿ ಚರಕ ಮೊದಲು ಬರೆದದ್ದು ಅದನ್ನೇ, ಅದನ್ನು ಒಂದು ಸಂಜೆ ತಡೆದು ಕೈ ಎತ್ತಿ. ನಿರ್ಣಯ ಪಾಸಾದರೆ ಊರಿಗೆ ಒಂದು ಗುಟುಕು ಮದ್ದು ಬಿದ್ದಂತೆ. ಪಾಸಾಗದಿದ್ದರೆ ಕೆರೆಯ ನೀರುಂಡ ಗದ್ದೆಯಿಂದ ‘ಫಾರ್ಮ್ ಫ್ರೆಶ್’ ಚೀಟಿ ಅಂಟಿಸಿಕೊಂಡು ನಮ್ಮ ಸೊಪ್ಪು ನಮ್ಮ ಮನೆಗೇ ಬರುತ್ತದೆ, ಚೆನ್ನಾಗಿ ತೊಳೆದು ತಿನ್ನಿ. ತೊಳೆಯುವ ಟ್ಯಾಂಕರ್ ನೀರು ಎಲ್ಲಿಯದು ಎಂದು ಮಾತ್ರ ಕಾರ್ಯದರ್ಶಿಗಳನ್ನು ಕೇಳಬೇಡಿ. ಅವರು ಶುದ್ಧಿಗೆ ಹೋಗಿರುತ್ತಾರೆ, ಫೋನು ಲಾಕರಿನಲ್ಲಿರುತ್ತದೆ.